ಗಾಜು ಬದಲಾದರೆ ಟ್ಯಾಗೂ ಬದಲಾಗಬೇಕು

"ಆಪಾ, ಖಾತೆಯಲ್ಲಿ ದುಡ್ಡಿದ್ದರೂ ಟೋಲ್‌ನವರು ಎರಡರಷ್ಟು ವಸೂಲಿ ಮಾಡಿದರು. ಇದು ನ್ಯಾಯವೇ?"

ಮಸ್ಕಿಯಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಫೋನಿನಲ್ಲಿ ಹೀಗೆ ಕೇಳುವಾಗ ಅಳುವುದೊಂದೇ ಬಾಕಿ. ಅತ್ತೆಯ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಹೊರಟಿದ್ದರು. ಗಂಡ ಸೌದಿಯಲ್ಲಿ, ಕಾರು ಓಡಿಸುತ್ತಿದ್ದವನು ಮೈದುನ. ಹೊಸಪೇಟೆ ದಾಟಿ ಚಿತ್ರದುರ್ಗದ ಹೆದ್ದಾರಿಯಲ್ಲಿ ಸಾಗುವಾಗ ಟೋಲ್ ಗೇಟಿನ ಕಂಬಿ ಮೇಲೇಳಲಿಲ್ಲ. ಹಿಂದೆ ಲಾರಿಗಳ ಹಾರ್ನ್. ಔಷಧಿಗೆಂದು ಇಟ್ಟಿದ್ದ ಹಣ ಒಂದೊಂದೇ ಗೇಟಿನಲ್ಲಿ ಕರಗಿತು.

ವಿಚಾರಿಸಿದಾಗ ಕಾರಣ ತಿಳಿಯಿತು. ಲಿಂಗಸುಗೂರಿನಿಂದ ಬರುವಾಗ ಟಿಪ್ಪರಿನಿಂದ ಸಿಡಿದ ಕಲ್ಲು ಕಾರಿನ ಮುಂದಿನ ಗಾಜನ್ನು ಒಡೆದಿತ್ತು. ಸಿಂಧನೂರಿನಲ್ಲಿ ಹೊಸ ಗಾಜು ಹಾಕಿಸಿದರು. ಗ್ಯಾರೇಜಿನ ಹುಡುಗ ಹಳೆಯ ಗಾಜಿನ ಫಾಸ್ಟ್ಯಾಗ್ ಕಿತ್ತು, ಹೊಸದಕ್ಕೆ ಗೋಂದು ಹಚ್ಚಿ ಅಂಟಿಸಿಬಿಟ್ಟಿದ್ದ.

ಸಹೋದರಿಯರೇ, ಆ ಚೀಟಿ ಬರಿಯ ಕಾಗದವಲ್ಲ. ಒಳಗೆ ಸಾಸಿವೆಗಿಂತ ಸಣ್ಣ ಚಿಪ್ಪೂ ತೆಳುವಾದ ಲೋಹದ ಎಳೆಯೂ ಇರುತ್ತವೆ. ಬ್ಯಾಟರಿ ಇಲ್ಲ. ಗೇಟಿನ ಯಂತ್ರ ಕಳಿಸುವ ರೇಡಿಯೋ ಅಲೆಯಿಂದಲೇ ಅದು ಎಚ್ಚೆತ್ತು ತನ್ನ ಸಂಖ್ಯೆ ಹೇಳುತ್ತದೆ. ಒಂದರ ಟ್ಯಾಗನ್ನು ಇನ್ನೊಂದಕ್ಕೆ ಅಂಟಿಸಿ ಮೋಸ ಮಾಡಬಾರದೆಂದು, ಕಿತ್ತರೆ ಕೆಡುವಂತೆಯೇ ಅದನ್ನು ಮಾಡಿರುತ್ತಾರೆ. ಹಾಗಾಗಿ ಖಾತೆಯ ದುಡ್ಡು ಖಾತೆಯಲ್ಲೇ ಉಳಿಯಿತು. ಯಂತ್ರಕ್ಕೆ ಮಾತ್ರ ಏನೂ ಕೇಳಿಸಲಿಲ್ಲ.

2021ರ ಫೆಬ್ರವರಿಯಿಂದ ರಾಷ್ಟ್ರೀಯ ಹೆದ್ದಾರಿಗಳ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಸರಿಯಾದ ಟ್ಯಾಗ್ ಇಲ್ಲದವರಿಗೆ ಎರಡರಷ್ಟು ಶುಲ್ಕ. 2025ರ ನವೆಂಬರ್ 15ರಿಂದ ಇದರಲ್ಲಿ ಒಂದು ರಿಯಾಯಿತಿ ಬಂತು: ಯುಪಿಐ ಮೂಲಕ ಕೊಟ್ಟರೆ ಒಂದೂಕಾಲು ಪಟ್ಟು. ನೂರು ರೂಪಾಯಿಯ ಗೇಟಿನಲ್ಲಿ ಆಗ ನಗದಾದರೆ 200, ಮೊಬೈಲಿನಲ್ಲಾದರೆ 125 ಎಂದಾಯಿತು. ಈ ಮಾತು ಮೈದುನನಿಗೆ ತಿಳಿದಿರಲಿಲ್ಲ. ಇನ್ನೊಂದು ಮಾತೂ ನೆನಪಿರಲಿ. ಟ್ಯಾಗ್ ಸರಿಯಿದ್ದು, ಸಾಕಷ್ಟು ಹಣವಿದ್ದು, ಗೇಟಿನ ಯಂತ್ರವೇ ಕೆಟ್ಟಿದ್ದರೆ ಶುಲ್ಕವಿಲ್ಲದೆ ಬಿಡಬೇಕೆಂದು 2018ರಲ್ಲೇ ನಿಯಮವಾಗಿದೆ.

ಊರಿಗೆ ಮರಳಿ, ಟ್ಯಾಗ್ ಕೊಟ್ಟ ಬ್ಯಾಂಕಿನಲ್ಲಿ ಬದಲಿ ಟ್ಯಾಗ್ ಕೇಳಿದರು. ಅಲ್ಲಿ ಇನ್ನೊಂದು ತೊಡಕು. ಓಟಿಪಿ ಹೋಗುವುದು ಸೌದಿಯಲ್ಲಿರುವ ಗಂಡನ ಫೋನಿಗೆ! ಡ್ಯೂಟಿಯಲ್ಲಿ ಅವರು ಫೋನ್ ನೋಡುವಂತಿಲ್ಲ. ಇವಳು ಬ್ಯಾಂಕಿನಲ್ಲಿ ಕುಳಿತರೆ ಅವರು ಕೆಲಸದಲ್ಲಿ, ಅವರಿಗೆ ಬಿಡುವಾದಾಗ ಬ್ಯಾಂಕ್ ಬಂದ್. ಹೀಗೆ ಒಂದು ವಾರ ಕಳೆಯಿತು.

ನಮ್ಮ ಎಷ್ಟೋ ಮನೆಗಳಲ್ಲಿ ಗಂಡಸರು ದೂರದಲ್ಲಿದ್ದಾರೆ. ಕಾರು ಮನೆಯದು, ಅದರ ಲೆಕ್ಕ ಮಾತ್ರ ಅವರ ಜೇಬಿನಲ್ಲಿ. ಟ್ಯಾಗ್ ಯಾವ ಬ್ಯಾಂಕಿನದು, ಯಾವ ನಂಬರಿಗೆ ಸೇರಿದೆ, ಕೆವೈಸಿ ಆಗಿದೆಯೇ ಎಂಬುದನ್ನು ಮನೆಯ ಹೆಣ್ಣುಮಕ್ಕಳು ಕೇಳಿ ತಿಳಿದು, ಆರ್‌ಸಿ ಪ್ರತಿಯೊಂದಿಗೆ ಬರೆದಿಡಬೇಕು. ಇದು ಅಪನಂಬಿಕೆಯಲ್ಲ, ಮನೆಯ ಜವಾಬ್ದಾರಿ. ಗಾಜು ಬದಲಾದರೆ ಪ್ರಯಾಣಕ್ಕೆ ಮೊದಲೇ ಬ್ಯಾಂಕಿಗೆ ತಿಳಿಸಿ. ಹೊಸ ಟ್ಯಾಗನ್ನು ಗಾಜಿನ ಒಳಬದಿಯಲ್ಲಿ, ಕನ್ನಡಿಯ ಹಿಂದೆ, ಒರೆಸಿದ ಜಾಗದಲ್ಲಿ ಒಮ್ಮೆಗೇ ಅಂಟಿಸಿ. ಕಾರು ಮಾರಿದರೆ ಹಳೆಯ ಟ್ಯಾಗ್ ಮುಚ್ಚಿಸಿ. ದಾರಿಯಲ್ಲಿ ತೊಂದರೆಯಾದರೆ ಹೆದ್ದಾರಿ ಸಹಾಯವಾಣಿ 1033.

ಮೊನ್ನೆ ತಂಗಿ ಮತ್ತೆ ಫೋನ್ ಮಾಡಿದ್ದಳು. "ಆಪಾ, ಅತ್ತೆಯ ತಪಾಸಣೆಗೆ ಹೋಗಿ ಬಂದೆವು. ಕಂಬಿ ತಾನಾಗಿಯೇ ಎದ್ದಿತು, ಅಲ್‌ಹಮ್ದುಲಿಲ್ಲಾಹ್. ಈಗ ಟೋಲ್ ಮೆಸೇಜು ನನ್ನ ಫೋನಿಗೇ ಬರುತ್ತದೆ."