"ಒಂಚೂರು ತಿಂದ್ರೆ ಏನಾಗಲ್ಲ" ಅನ್ನುವವರಿಗೆ...

ಡಿಸೆಂಬರ್ ಬಂತು. ಇನ್ನು ಬ್ಲಾಗುಗಳ ತುಂಬಾ ಪ್ಲಮ್ ಕೇಕಿನ ಫೋಟೋ. ಬರಲಿ, ಬೇಡ ಅನ್ನುವುದಿಲ್ಲ. ನನ್ನ ತಕರಾರು ಬೇರೆ. ಮೊನ್ನೆ ಮಣಿಪಾಲದಲ್ಲಿ ಸಿಕ್ಕ ಬ್ಲಾಗಿಗ ಗೆಳೆಯರೊಬ್ಬರು, "ಗ್ಲುಟನ್ ಫ್ರೀ ಅನ್ನೋದೆಲ್ಲ ದುಡ್ಡಿದ್ದವರ ಶೋಕಿ ಮಾರಾಯ್ರೇ, ನಮ್ಮ ಉಡುಪಿ ಕಡೆ ಎಲ್ಲ ಅಕ್ಕಿಯದ್ದೇ ಅಲ್ವಾ?" ಅಂದರು. ಅರ್ಧ ನಿಜ. ನನಗೆ ಹೆದರಿಕೆ ಇರುವುದೇ ಈ ಅರ್ಧ ನಿಜದ್ದು.

ನನ್ನ ಅಕ್ಕನ ಮಗಳಿಗೆ ಸೀಲಿಯಾಕ್ ಇದೆ. ಗೋಧಿ, ಬಾರ್ಲಿ, ರೈ ಧಾನ್ಯದ ಗ್ಲುಟನ್ ಒಳಗೆ ಹೋದರೆ ದೇಹವೇ ತನ್ನ ಸಣ್ಣಕರುಳಿನ ಒಳಪದರದ ಮೇಲೆ ದಾಳಿ ಮಾಡುತ್ತದೆ. ಪಥ್ಯವೇ ಮದ್ದು, ಅದೂ ಜೀವನಪೂರ್ತಿ. ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆಗೆ ಗೋಧಿಯ ಮೇಲೆ ಮೊದಲೇ ಸಂಶಯವಿತ್ತು. 1944-45ರ ಚಳಿಗಾಲದ ಬರದಲ್ಲಿ ಬ್ರೆಡ್ ಸಿಗದೆ ಹೋದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ ಬಂದ ಮೇಲೆ ಮತ್ತೆ ಮಲಗಿದರು. ಇದು ಶೋಕಿಯಾ?

ಉತ್ತರ ಭಾರತಕ್ಕೆ ಹೋಲಿಸಿದರೆ ದಕ್ಷಿಣದಲ್ಲಿ ಇದು ತೀರಾ ಕಡಿಮೆ ಅಂತ 2016ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಸರಿ. ಕಡಿಮೆ ಇರುವುದರಿಂದಲೇ ಇಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಿಲ್ಲದ್ದರಿಂದಲೇ ಎಲ್ಲರೂ ಉಪದೇಶ ಮಾಡುವವರು :-)

ಈಗ ಕುಸ್ವಾರಿಗೆ ಬರೋಣ. ಕಾಪು ಕಡೆ ಕ್ರಿಸ್ಮಸ್ ಅಂದರೆ ಪಕ್ಕದ ಮನೆಯಿಂದ ಕುಸ್ವಾರ್ ತಟ್ಟೆ ಬರಲೇಬೇಕು, ನಾವು ಯಾವ ಜಾತಿಯವರಾದರೂ. ಅದರಲ್ಲಿ ಗುಳಿಯೊ ಅಕ್ಕಿಹಿಟ್ಟು, ತೆಂಗಿನಕಾಯಿ ಹಾಲಿನದ್ದು. ಚಕ್ಕುಲಿ ಅಕ್ಕಿ-ಉದ್ದಿನದ್ದು. ಪೇರಳೆ ಹಣ್ಣಿನ ಪೆರಾದಕ್ಕೆ ಹಿಟ್ಟೇ ಬೇಡ. ಕಿಡಿಯೊ, ನೆವ್ರಿ ಮಾತ್ರ ಮೈದಾ. ಹಾಗಾದರೆ ಹುಡುಗಿ ಅರ್ಧ ತಟ್ಟೆ ತಿನ್ನಬಹುದಲ್ಲ? ತಿನ್ನುವ ಹಾಗಿಲ್ಲ. ಕಿಡಿಯೊ ಕರಿದ ಎಣ್ಣೆಯಲ್ಲೇ ಗುಳಿಯೊ ಕರಿದಿರುತ್ತಾರೆ. ಎಲ್ಲ ಒಂದೇ ಡಬ್ಬಿಯಲ್ಲಿ ಕೂತಿರುತ್ತದೆ. ಅದಕ್ಕೂ ಮೊದಲು ಅಕ್ಕಿ ಬೀಸಿದ ಮಿಲ್ಲು! ಹಿಂದಿನವರು ಗೋಧಿ ಹಾಕಿ ಹೋಗಿರುತ್ತಾರೆ, ಅದೇ ಕಲ್ಲಿಗೆ ನಮ್ಮ ಅಕ್ಕಿ. "ಗ್ಲುಟನ್ ಫ್ರೀ" ಅಂತ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಅಂತ ನಮ್ಮ ದೇಶದ್ದೇ ಕಾನೂನಿದೆ. ಆ ಲೆಕ್ಕದಲ್ಲಿ ಕಲ್ಲಿಗೆ ಅಂಟಿದ ಹಿಟ್ಟೂ ಕಡಿಮೆಯದ್ದಲ್ಲ.

ನಮ್ಮ ಕಡೆಯ ಮಡಿಯ ಅಡುಗೆಯೂ ಬಚಾವಲ್ಲ. ಧನುರ್ಮಾಸದ ಹುಗ್ಗಿ ಅಕ್ಕಿ, ಹೆಸರುಬೇಳೆ, ಚಿಂತೆಯಿಲ್ಲ. ಜೊತೆಗಿನ ಸಾರಿಗೆ ಇಂಗು ಬೀಳುತ್ತದಲ್ಲ, ಅಂಗಡಿಯ ಆ ಇಂಗಿನ ಡಬ್ಬಿಯ ಹಿಂದೆ ಓದಿ ನೋಡಿ. ಬಹಳಷ್ಟರಲ್ಲಿ ಮೈದಾ ಅಥವಾ ಗೋಧಿಹಿಟ್ಟು ಇರುತ್ತದೆ. ಇದು ಗೊತ್ತಾದ ದಿನ ಅಕ್ಕ ಅತ್ತುಬಿಟ್ಟಳು. ಎರಡು ವರ್ಷ ಪಥ್ಯ ಮಾಡಿಸಿಯೂ ಹುಡುಗಿಯ ತೂಕ ಏರದಿದ್ದಾಗ ಅವಳು ಕದ್ದು ಬಿಸ್ಕತ್ತು ತಿನ್ನುತ್ತಾಳೆ ಅಂತ ಬೈದಿದ್ದೆವು. ತಪ್ಪು ಒಗ್ಗರಣೆಯದ್ದು.

"ದೇವರ ಪ್ರಸಾದ, ಒಂಚೂರು ತಗೊಳ್ಳಿ, ಏನೂ ಆಗಲ್ಲ" ಅನ್ನುವವರಿಗೆ ಒಂದು ಮಾತು. ಪರಮ ಪ್ರಸಾದದ ರೊಟ್ಟಿ ಗೋಧಿಯದ್ದೇ ಆಗಿರಬೇಕು ಅನ್ನುವುದು ಕ್ಯಾಥೊಲಿಕರ ಕಟ್ಟುನಿಟ್ಟು. 2017ರಲ್ಲಿ ವ್ಯಾಟಿಕನ್ ಬಿಷಪರಿಗೆ ಬರೆದ ಪತ್ರದಲ್ಲೂ ಗ್ಲುಟನ್ ಪೂರ್ತಿ ತೆಗೆದದ್ದು ಸಲ್ಲದು ಎಂದೇ ಇದೆ. ಆದರೆ ಗ್ಲುಟನ್ ತೀರಾ ಕಡಿಮೆ ಇರುವ ರೊಟ್ಟಿ ಆಗಬಹುದು ಎಂದೂ ಇದೆ. ಅದೂ ಆಗದವರು ದ್ರಾಕ್ಷಾರಸ ಮಾತ್ರ ಸ್ವೀಕರಿಸಬಹುದು. ಅಷ್ಟು ಹಳೆಯ ಸಂಪ್ರದಾಯ ಅಷ್ಟಾದರೂ ಜಾಗ ಬಿಟ್ಟಿದೆ. ನಿಮ್ಮ ಮನೆಯ ಶೀರಾಕ್ಕೆ ಮಾತ್ರ ಅಷ್ಟು ಹಠ ಯಾಕೆ?

ದುಬಾರಿ ಪ್ಯಾಕೆಟ್ಟಿನ ಹಿಟ್ಟು ತನ್ನಿ ಅಂತ ನಾನು ಹೇಳುತ್ತಿಲ್ಲ. ಅಕ್ಕಿ ತೊಳೆದು ನೆನೆಸಿ, ಮನೆಯ ಗ್ರೈಂಡರಿನಲ್ಲೇ ಅರೆದರೆ ನೀರುದೋಸೆ, ಕಡುಬು ಎಲ್ಲ ಆಗುತ್ತದೆ. ಹೊಸ ಎಣ್ಣೆಯಲ್ಲಿ ಮೊದಲು ಗುಳಿಯೊ ಕರಿಯಿರಿ, ಬೇರೆ ಡಬ್ಬಿಗೆ ತುಂಬಿ, ಕಿಡಿಯೊ ಆಮೇಲೆ. ಖರ್ಚು ಒಂದು ಪೈಸೆಯೂ ಹೆಚ್ಚಲ್ಲ.

ಹೋದ ವರ್ಷ ಪಕ್ಕದ ಮನೆಯ ಬಾಯಮ್ಮ ಹೀಗೇ ಮಾಡಿದರು. ಅವರಿಗೆ ಸೀಲಿಯಾಕ್ ಅನ್ನಲು ಈಗಲೂ ಬರುವುದಿಲ್ಲ. ಹಾರ್ಲಿಕ್ಸ್ ಬಾಟಲಿಯಲ್ಲಿ ಗುಳಿಯೊ ತುಂಬಿ, ಮುಚ್ಚಳಕ್ಕೆ ಕೆಂಪು ದಾರ ಕಟ್ಟಿ, "ಇದು ಪುಟ್ಟಿಯದ್ದು, ಬೇರೆ ಯಾರೂ ಕೈ ಹಾಕ್ಬೇಡಿ" ಅಂದರು. ಬಾಟಲಿ ಮಾತ್ರ ಕುದಿಯುವ ನೀರಲ್ಲಿ ಮೂರು ಸಲ ತೊಳೆದಿದ್ದೇನೆ ಅಂತ ಅಕ್ಕನ ಹತ್ತಿರ ಗುಟ್ಟಾಗಿ ಹೇಳಿ ಹೋದರಂತೆ, ಅದರಲ್ಲೂ ಬಾರ್ಲಿ ಇರ್ತದೆ ಅಲ್ವಾ ಅಂತ!