ಜೈಕಾರದಿಂದ ಬರಹಗಾರನ ಒಲೆ ಉರಿಯದು!



ಬಸವಕಲ್ಯಾಣದಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್‌ಬುಕ್ಕು, ಕರಪತ್ರ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು ನಾನು. ಹುಮನಾಬಾದಿನ ಮೇಷ್ಟ್ರೊಬ್ಬರು ಕಲ್ಯಾಣದ ಚಾಲುಕ್ಯರ ಮೇಲೆ ಕಾದಂಬರಿ ಬರೆದು ತಂದರು. ಹತ್ತು ವರ್ಷ ಶಾಸನ ಓದಿ, ಕೋಟೆ ಸುತ್ತಿ ಬರೆದದ್ದು. ಕಾಗದದ ದುಡ್ಡೂ ಅವರದೇ. 500 ಪ್ರತಿ ಹಾಕಿದೆ. ಅರ್ಧಕ್ಕಿಂತ ಹೆಚ್ಚು ಈಗಲೂ ನನ್ನ ಪ್ರೆಸ್ಸಿನ ಮೂಲೆಯಲ್ಲೇ ಬಿದ್ದಿವೆ!

ಈ ಪಾಡು ಹೊಸದಲ್ಲ. ಹಾವೇರಿ ಸೀಮೆಯ ಗಳಗನಾಥರನ್ನು (1869-1942) ನೆನೆಯಿರಿ. ಮರಾಠಿಯ ಅಬ್ಬರದ ಕಾಲದಲ್ಲಿ ‘ಮಾಧವ ಕರುಣಾ ವಿಲಾಸ’ದಂಥ ಐತಿಹಾಸಿಕ ಕಾದಂಬರಿ ಬರೆದರು. ಬರೆದು ಸುಮ್ಮನೆ ಕೂತರೇ? ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು!

ನಮ್ಮ ಕಲ್ಯಾಣದ ಕಥೆಯನ್ನೇ ಬರೆದ ಬಿ. ಪುಟ್ಟಸ್ವಾಮಯ್ಯನವರ ‘ಕ್ರಾಂತಿ ಕಲ್ಯಾಣ’ಕ್ಕೆ 1964ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಮಲ್ಲಿ ಎಷ್ಟು ಜನ ಓದಿದ್ದೀರಿ?

ರಾಜ್ಯೋತ್ಸವ ಬಂದರೆ ಬ್ಯಾನರಿಗೆ, ಬಾವುಟಕ್ಕೆ ಚಂದಾ ಎತ್ತುತ್ತೀರಿ. ಬೇಡವೆನ್ನುವುದಿಲ್ಲ. ನಿಮ್ಮ ಕರಪತ್ರದಿಂದಲೇ ನನ್ನ ಪ್ರೆಸ್ಸು ನಡೆಯುವುದು. ಆದರೂ ನನ್ನ ಲಾಭ ಬಿಟ್ಟು ಹೇಳುತ್ತೇನೆ: ಈ ಸಲ ಸಾವಿರ ಕರಪತ್ರ ಕಮ್ಮಿ ಹಾಕಿಸಿ. ಆ ದುಡ್ಡಿಗೆ ಕನ್ನಡ ಕಾದಂಬರಿ ಕೊಳ್ಳಿ, ಓದಿ, ಪಕ್ಕದವನಿಗೂ ಕೊಡಿ.