ಅಂಗಳದಾಗ ಗೇರ್‌ಬಾಕ್ಸ್ ಇಳಸೂದು ಪುಕ್ಕಟ ಅಲ್ರೀ

ಅಕ್ಕಾರ, ತಂಗೇರ, ವೈನಿಗೋಳ, ಈ ಸರೆ ಅಡಗಿ ಮಾತು ಬಿಟ್ಟು ಗಾಡಿ ಮಾತು ಎತ್ತೀನಿ. "ಗಂಡಸರ ಕೆಲಸದಾಗ ನಿನಗೇನ ತಿಳಿತೈತಿ?" ಅಂತ ಕೇಳವರು ಕೇಳ್ಲಿ. ಗಾಡಿ ನಿಲ್ಲೂದು ನಮ್ಮ ಅಂಗಳದಾಗ. ಅದರ ಕೆಳಗ ಮಲಗಾಂವ ನಮ್ಮ ಹೊಟ್ಟ್ಯಾಗ ಹುಟ್ಟಿದಾಂವ. ಕಂತು ತುಂಬಾಕ ರೊಕ್ಕ ಸಾಲದಿದ್ರ ಒತ್ತಿ ಇಡೂದು ನಮ್ಮ ಕೊಳ್ಳಾಗಿನ ಬಂಗಾರ. ಅಂದಮ್ಯಾಲೆ ಮಾತಾಡೂ ಹಕ್ಕು ನಮಗೂ ಐತಿ.

ರೋಣ, ನರಗುಂದ, ಗಜೇಂದ್ರಗಡ, ಮೂರೂ ಕಡೆ ನಮ್ಮ ಬೀಗರು ಬಿಜ್ಜರು ಅದಾರ. ಯಾವ ಊರಿಗೆ ಹ್ವಾದ್ರೂ ಓಣ್ಯಾಗ ಒಂದು ಲಾರಿ, ಟಿಪ್ಪರ್, ಇಲ್ಲಾ ಮಣ್ಣು ಅಗಿಯೂ ಯಂತ್ರ ನಿಂತಿರತೈತಿ. ಅದು ಕೆಟ್ಟಿತಂದ್ರ ಹುಡುಗೂರ ಬಾಯಾಗ ಬರೂ ಮೊದಲನೇ ಮಾತು, "ಮನ್ಯಾಗ ಬಿಚ್ಚೋಣು, ಲೇಬರ್ ಚಾರ್ಜ್ ಉಳಿತೈತಿ." ಮೊನ್ನೆ ಮೈದುನನ ಮಗ ಫೋನಿನಾಗ ಟ್ರಕ್ಕಿನ ಟಾರ್ಕ್ ಕನ್ವರ್ಟರ್ ಬದಲಿ ಮಾಡೂ ವಿಡಿಯೋ ತೋರಿಸಿ, "ನೋಡ ದೊಡ್ಡವ್ವ, ಒಬ್ಬನ ಮನ್ಯಾಗ ಮಾಡ್ಯಾನ" ಅಂದ. ಅವಗ ಏನ ಉತ್ತರ ಕೊಟ್ಟೆ, ಅದನ್ನ ಇಲ್ಲಿ ಬರಿತೀನಿ. ನಾಳೆ ಈ ಮಾತು ನಿಮ್ಮ ಅಂಗಳಕ್ಕೂ ಬರತೈತಿ.

ಮೊದಲು ಆ ಸಾಮಾನು ಏನು ಅಂತ ತಿಳಕೊಳ್ಳೂಣು. ಇಂಜಿನ್ನಿನ ಬಲ ಗೇರ್‌ಬಾಕ್ಸಿಗೆ ಮುಟ್ಟಬೇಕು. ನಮ್ಮ ಕಡೆ ಲಾರಿ, ಟ್ರ್ಯಾಕ್ಟರಿನಾಗ ಬಹಳಷ್ಟು ಆ ಕೆಲಸ ಕ್ಲಚ್ ಪ್ಲೇಟ್ ಮಾಡತೈತಿ. ಆಟೋಮ್ಯಾಟಿಕ್ ಗೇರಿನ ಗಾಡ್ಯಾಗ, ನಾವು ಜೆಸಿಬಿ ಅಂತ ಕರಿಯೂ ಅಗಿಯೂ ಯಂತ್ರದಾಗ, ಆ ಜಾಗಾದಾಗ ಟಾರ್ಕ್ ಕನ್ವರ್ಟರ್ ಇರತೈತಿ. ಮಜ್ಜಿಗಿ ಕಡಿಯೂವಾಗ ನೋಡೀರಲ್ಲ, ಕಡಗೋಲು ತಿರುಗಿದ್ರ ಗಡಿಗ್ಯಾಗಿನ ಮಜ್ಜಿಗಿನೂ ತಿರಗತೈತಿ. ಅದರಾಗ ಒಂದು ಸೌಟು ಇಳಿಬಿಟ್ರ ಅದನ್ನೂ ಎಳಕೊಂಡು ಹೊಕ್ಕತಿ. ಕಡಗೋಲು ಸೌಟಿಗೆ ಮುಟ್ಟೇ ಇಲ್ಲ, ನಡುವ ಮಜ್ಜಿಗಿ ಕೆಲಸ ಮಾಡೇತಿ. ಇಲ್ಲಿ ಮಜ್ಜಿಗಿ ಬದಲಿ ಎಣ್ಣಿ. ಮುಚ್ಚಿದ ಕಬ್ಬಿಣದ ಗಡಿಗ್ಯಾಗ ಇಂಜಿನ್ ಕಡೆ ಪಂಖಾ ಎಣ್ಣಿ ತಿರುಗಸತೈತಿ, ಆ ಎಣ್ಣಿ ಗೇರ್‌ಬಾಕ್ಸ್ ಕಡೆ ಪಂಖಾ ತಿರುಗಸತೈತಿ. ನಡುವಿನ ಮೂರನೇದೊಂದು ಎಣ್ಣಿ ದಾರಿ ತಿದ್ದಿ ಎಳಿಯೂ ಬಲ ಹೆಚ್ಚ ಮಾಡತೈತಿ. ಹಡಗಿನ ಸಲುವಾಗಿ ಈ ವಿಚಾರ ಮಾಡಿ 1905ರಾಗ ಪೇಟೆಂಟ್ ತಗೊಂಡಾಂವ ಜರ್ಮನಿಯ ಹರ್ಮನ್ ಫೊಟಿಂಗರ್ ಅನ್ನೂ ಇಂಜಿನಿಯರ್. ತಿಳಕೊಳ್ಳಾಕ ಇದೇನ ದೊಡ್ಡದಲ್ಲ, ನಮಗೂ ತಿಳಿತೈತಿ.

ತ್ರಾಸು ಇರೂದು ಅದು ಕುಂತ ಜಾಗಾದಾಗ. ಕ್ಲಚ್ ಪ್ಲೇಟ್ ಇರಲಿ, ಕನ್ವರ್ಟರ್ ಇರಲಿ, ಇಂಜಿನ್ ಮತ್ತ ಗೇರ್‌ಬಾಕ್ಸಿನ ನಡುವ ಕುಂತಿರತೈತಿ. ಅದನ್ನ ಮುಟ್ಟಬೇಕಂದ್ರ ಗೇರ್‌ಬಾಕ್ಸ್ ಬಿಚ್ಚಿ ಸರಸಬೇಕು. ಲಾರಿ ಗೇರ್‌ಬಾಕ್ಸ್ ಅಂದ್ರ ಒಂದು ಕ್ವಿಂಟಲ್ ಜ್ವಾಳದ ಚೀಲಕ್ಕಿಂತ ಹೆಚ್ಚು ತೂಕ. ಚೀಲ ಬಿದ್ರ ಹರಿತೈತಿ. ಇದು ಬಿದ್ರ ಕೆಳಗ ಇದ್ದಾಂವನ ಎದಿ ಮುರಿತೈತಿ.

ವಿಡಿಯೋದಾಗಿನಾಂವ ಮಾಡ್ಯಾನ, ಖರೇ. ಆದ್ರ ಅಮೆರಿಕಾದವರು ಪಿಕಪ್ ಗಾಡಿಗೂ ಟ್ರಕ್ ಅಂತಾರ, ನಮ್ಮ ಹುಡುಗೂರು ಅದನ್ನ ನೋಡಿ ಲಾರಿ ಬಿಚ್ಚಾಕ ಹೋಗತಾರ. ಅಲ್ಲಿ ಅವನ ಕೆಳಗ ಸಮನಾದ ಕಾಂಕ್ರೀಟ್ ನೆಲ ಐತಿ, ಗಾಡಿ ಕೆಳಗ ಕಬ್ಬಿಣದ ಸ್ಟ್ಯಾಂಡ್ ಅದಾವ, ಗೇರ್‌ಬಾಕ್ಸ್ ಇಳಸಾಕ ಅದಕ್ಕಂತನ ಬ್ಯಾರೆ ಜಾಕ್ ಐತಿ. ನಮ್ಮಲ್ಲಿ ಏನೈತಿ? ಎರಡು ಸೈಜಗಲ್ಲು, ಒಂದು ಜಾಕ್, ನಾಕು ಮಂದಿ ಗೆಳ್ಯಾರು.

ನೆಲದ ಮಾತು ನಮಗ ಯಾರೂ ಕಲಿಸೂದು ಬ್ಯಾಡ. ನರಗುಂದ, ರೋಣದ ಎರಿ ಮಣ್ಣು ಮಳಿಗಾಲದಾಗ ಉಬ್ಬತೈತಿ, ಬ್ಯಾಸಗ್ಯಾಗ ಕೈ ಇಳಿಯೂವಷ್ಟು ಬಿರಿತೈತಿ. ಆ ನೆಲದ ಮ್ಯಾಲೆ ಕಟ್ಟಿದ ಗ್ವಾಡಿನ ಸೀಳತಾವ, ಇನ್ನ ಜಾಕ್ ಸೊಟ್ಟ ಆಗೂದಕ್ಕ ಎಷ್ಟೊತ್ತು? ಗಜೇಂದ್ರಗಡದವರು "ನಮ್ಮದು ಗುಡ್ಡದ ನೆಲ, ಗಟ್ಟಿ ಐತಿ" ಅಂತೀರಿ. ಗಟ್ಟಿ ಇದ್ರ ಸಾಲಂಗಿಲ್ರೀ, ಸಮ ಇರಬೇಕು. ಇಳಿಜಾರಿನಾಗ ಗಾಲಿ ಒಂದು ಗೇಣು ಸರದ್ರೂ ಜಾಕ್ ಮಕ್ಕೋತೈತಿ. ಜಾಕ್ ಇರೂದು ಎತ್ತಾಕ, ಹೊತ್ತು ನಿಲ್ಲಾಕ ಅಲ್ಲ. ಅದರೊಳಗಿನ ಎಣ್ಣಿ ಸೋರಿದ್ರ ತಾನ ಕೆಳಗ ಇಳಿತೈತಿ. ಕಲ್ಲು, ಇಟ್ಟಂಗಿ ಸೀಳೂದು ಹೇಳಿ ಕೇಳಿ ಸೀಳಂಗಿಲ್ಲ.

ಇನ್ನ "ಪುಕ್ಕಟ" ಅನ್ನೂ ಲೆಕ್ಕ ನೋಡ್ರಿ. ಕತ್ತಲಾದ ಮ್ಯಾಲೆ ಮೊಬೈಲ್ ಲೈಟ್ ಹಿಡಕೊಂಡು ಗಾಡಿ ಬಾಜೂಕ ನಿಲ್ಲಾಕಿ ಯಾರು? ಮನಿ ಸೊಸಿ. ನಾಕು ಮಂದಿಗೆ ಎರಡು ಹೊತ್ತು ರೊಟ್ಟಿ ಬಡದು, ತಾಸಿಗೊಮ್ಮೆ ಚಾ ಕೊಡಾಕಿ ಯಾರು? ಕರಿ ಎಣ್ಣಿ ಹತ್ತಿದ ಅರಬಿ ಒಗಿಯಾಕಿ, ಅಂಗಳಕ್ಕ ಚೆಲ್ಲಿದ ಎಣ್ಣಿಗೆ ಎಮ್ಮಿ ಬಾಯಿ ಹಚ್ಚದಂಗ ಕಾಯಾಕಿ ಯಾರು? ನಮ್ಮ ಕೂಲಿ ಲೆಕ್ಕಕ್ಕ ಹಿಡಿಲಿಲ್ಲಂದ್ರ ಎಲ್ಲಾ ಕೆಲಸನೂ ಪುಕ್ಕಟನ. ಮ್ಯಾಲೆ ಸಾಲಿ ಬಿಟ್ಟು ಬಂದ ಹುಡುಗನ್ನ, "ಏ, 19ರ ಪಾನಾ ಕೊಡು" ಅಂತ ಗಾಡಿ ಕೆಳಗ ತೂರಸತಾರ. 14 ವರ್ಷದೊಳಗಿನ ಮಕ್ಕಳನ್ನ ದುಡಿಮಿಗೆ, 18ರ ಒಳಗಿನವರನ್ನ ಅಪಾಯದ ಕೆಲಸಕ್ಕ ಹಚ್ಚಬಾರದು ಅಂತ 2016ರಾಗ ತಿದ್ದುಪಡಿ ಆದ ಕಾನೂನು ಹೇಳತೈತಿ. ಮನಿ ಅಂಗಳ ಅಂದಕೂಡ್ಲೆ ಗಾಡಿ ಹಗುರ ಆಗಂಗಿಲ್ಲ.

ಕೆಲಸ ಕೆಟ್ರ ಉಳಿಸಿದ ರೊಕ್ಕನೂ ಹೊಕ್ಕತಿ. ಕನ್ವರ್ಟರನ್ನ ತಿರುಗಿಸಿಗೋತ ಒಳಗ ಪೂರ್ತಿ ಕುಂದ್ರಸಬೇಕು. ಅರ್ಧಕ್ಕ ನಿಂತದ್ದನ್ನ ಬೋಲ್ಟ್ ಬಿಗದು ಜಗ್ಗಿದ್ರ ಗೇರ್‌ಬಾಕ್ಸಿನ ಎಣ್ಣಿ ಪಂಪ್ ಒಡಿತೈತಿ. ಹಳೇದು ಸವದು ಬಿದ್ದ ಕಬ್ಬಿಣದ ಪುಡಿ ಎಣ್ಣಿ ಕೂಲರ್, ಪೈಪಿನಾಗ ಉಳಿದ್ರ ಹೊಸಾದನ್ನೂ ತಿಂತೈತಿ. ಆವಾಗ ಗಾಡಿ ಮತ್ತ ನಿಲ್ಲತೈತಿ. ಬ್ಯಾಂಕಿನ ಕಂತು ನಿಲ್ಲಂಗಿಲ್ಲ.

"ಗ್ಯಾರೇಜಿಗೆ ಹ್ವಾದ್ರ ಸುಲಿತಾರ, ಗಾಡಿ ಎಳಕೊಂಡು ಹೋಗೂದಕ್ಕ ಖರ್ಚು ಬ್ಯಾರೆ" ಅಂತಾರ. ಈ ಮಾತನ್ನ ನಾ ತಳ್ಳಿ ಹಾಕಂಗಿಲ್ಲ, ದುಡಿಯೂ ಮನಿಗೆ ಅದು ದೊಡ್ಡ ಭಾರ. ಅದಕ್ಕ ಮನ್ಯಾಗ ಮಾಡೂ ಕೆಲಸ ಮನ್ಯಾಗ ಮಾಡ್ರಿ. ಗೇರ್ ಎಣ್ಣಿ ಮಟ್ಟ ನೋಡ್ರಿ, ಕರ್ರಗಾಗಿ ಸುಟ್ಟ ವಾಸನಿ ಬರತೈತೇನು ನೋಡ್ರಿ, ಎಲ್ಲಿ ಸೋರತೈತಿ ನೋಡ್ರಿ. ಎಣ್ಣಿ ಕಡಿಮಿ ಆದ್ರ, ಫಿಲ್ಟರ್ ಕಟ್ಟಿದ್ರನೂ ಗಾಡಿ ಎಳಿಯಂಗಿಲ್ಲ. ಅದನ್ನ ನೋಡದ ಕನ್ವರ್ಟರ್ ಹೋತು ಅಂದ್ರ ದೊಡ್ಡ ಖರ್ಚು ಸುಮ್ಮನ ಮೈಮ್ಯಾಲೆ ಎಳಕೊಂಡಂಗ. ಗ್ಯಾರೇಜಿನಾಗ ಎರಡು ಕಡೆ ರೇಟ್ ಕೇಳ್ರಿ, ಬಿಚ್ಚೂ ಮೊದಲ ಬರಿಸಿಕೊಳ್ರಿ, ತೆಗದ ಹಳೇ ಸಾಮಾನು ತೋರಸ್ರಿ ಅನ್ರಿ. ಹೊಸಾ ಸಾಮಾನಿಗೆ ಗ್ಯಾರಂಟಿ ಕೊಟ್ಟಿದ್ರ, ಮನ್ಯಾಗ ಕೂಡ್ರಿಸಿದ್ರ ಅದು ನಡಿತೈತೇನು ಅಂತ ಅಂಗಡ್ಯಾಗ ಕೇಳ್ರಿ. ರೊಕ್ಕ ಉಳಸೂ ಜಾಗಾ ಇವು.

ಅದಕ್ಕ ನಮ್ಮ ಹೆಣ್ಣಮಕ್ಕಳಿಗೆ ನಾ ಹೇಳೂದು ಇಷ್ಟ. ಬರೇ ಜಾಕಿನ ಮ್ಯಾಲೆ ನಿಂತ ಗಾಡಿ ಕೆಳಗ ಯಾರನ್ನೂ ಹೋಗಗೊಡಬ್ಯಾಡ್ರಿ. ಗಾಲಿ ಬಿಚ್ಚೂದಿದ್ರೂ ಸಮ ನೆಲ, ಉಳಿದ ಗಾಲಿಗೆ ಅಡ್ಡ ಉಟ್ಟು, ಕಬ್ಬಿಣದ ಸ್ಟ್ಯಾಂಡ್ ಇರಲಿ. ಮಕ್ಕಳು ದೂರ ಇರಲಿ. ಗೇರ್‌ಬಾಕ್ಸ್ ಇಳಸೂ ಮಾತು ಬಂತಂದ್ರ ಲೈಟ್ ಹಿಡಿಬ್ಯಾಡ್ರಿ, ಚಾ ಕಾಸಬ್ಯಾಡ್ರಿ, "ಗ್ಯಾರೇಜಿಗೆ ಒಯ್ಯಿ" ಅನ್ರಿ. ಸಿಟ್ಟು ಮಾಡಿದ್ರ ಮಾಡ್ಲಿ. ಸಿಟ್ಟು ನಾಕು ದಿನಕ್ಕ ಇಳಿತೈತಿ. ಸಿಟ್ಟು ಮಾಡಾಕರ ಅಂವ ಮನ್ಯಾಗ ಇರಬೇಕಲ್ರೀ.